ಮೊದಲ ಕೀಗೆ ಯಾವ ಸದ್ದು

ಜೂನ್ 3

ಮಾವ,

ನಿಮ್ಮ ನಾಟಕ ಕಂಪನಿ ಈಗ ಯಾವ ಊರಿನಲ್ಲಿದೆಯೋ ದೇವರೇ ಬಲ್ಲ. ಮ್ಯಾನೇಜರ್ ಕಳೆದ ಸಲ ಕೊಟ್ಟ ವಿಳಾಸಕ್ಕೇ ಇದನ್ನು ಹಾಕುತ್ತಿದ್ದೇನೆ. ನೀವು ಮುಂದಿನ ಊರಿಗೆ ಹೊರಟಿದ್ದರೆ ಪತ್ರವೇ ನಿಮ್ಮನ್ನು ಹುಡುಕಿಕೊಂಡು ಬರಲಿ. ಫೋನಿನಲ್ಲಿ ಮಾತಾಡೋಣವೆಂದರೆ ನೀವು "ಹಾಂ? ಏನು?" ಎಂದು ಎರಡು ಸಲ ಕೇಳಿ ಇಟ್ಟೇಬಿಡುತ್ತೀರಿ. ನಮಗೋ ಈ ಕಣಿವೆಯಲ್ಲಿ ಸಿಗ್ನಲ್ ಸಿಕ್ಕರೆ ಪುಣ್ಯ.

ವಿಷಯಕ್ಕೆ ಬರುತ್ತೇನೆ. ನನಗೊಂದು ಪುಟ್ಟ ಮಿಡಿ ಕೀಬೋರ್ಡ್ ಬೇಕು. ನೀವು ರಂಗದ ಪಕ್ಕದಲ್ಲಿ ಮೊಣಕಾಲ ಮೇಲಿಟ್ಟುಕೊಂಡು ಗುಡುಗು, ಕುದುರೆ, ಬಾಗಿಲ ಕಿರ್ರೆನ್ನುವ ಸದ್ದು ಎಲ್ಲವನ್ನೂ ಒಂದೊಂದು ಬೆರಳಿನಲ್ಲಿ ಹೊರಡಿಸುತ್ತೀರಲ್ಲ, ಅಂಥದ್ದು. ನಮ್ಮ ಅಣೆಕಟ್ಟಿನ ಕಚೇರಿಯವರು ಒಂದು ನಾಟಕ ಆಡುತ್ತಾರಂತೆ. ಸದ್ದಿನ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾರೆ. "ನಿನ್ ಮಾವ ಅದೇ ಕಸುಬಲ್ಲಿದ್ದಾನಲ್ಲಮ್ಮ, ನಿಂಗೆ ರಕ್ತದಲ್ಲೇ ಬಂದಿರುತ್ತೆ" ಎಂದರು ಸಾಹೇಬರು. ಮೇಜಿನ ಮೇಲೆ ಅಂಗೈಯಗಲ ಜಾಗವಿದೆ, ಹಾಗಾಗಿ ಚಿಕ್ಕದೇ ಆಗಬೇಕು. ಯಾವುದನ್ನು ಕೊಳ್ಳಲಿ? ಆದಷ್ಟು ಬೇಗ ಬರೆಯಿರಿ.

ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಹೊಳೆಯ ನಡುಗಡ್ಡೆಯಲ್ಲಿ ತರಕಾರಿ ಪಾತಿ ಮಾಡಿಕೊಂಡಿದ್ದಾಳೆ. ಬೆಳಿಗ್ಗೆ ದೋಣಿಯಣ್ಣ ಅವಳನ್ನು ದಾಟಿಸುತ್ತಾನೆ, ಬಿಸಿಲೇರುವಾಗ ಕರೆತರುತ್ತಾನೆ. ಈ ಸಲ ಅಲ್ಲಿಗೆ ಹೋಗಬೇಡವೆಂದು ಹೇಳಿನೋಡಿದೆ. "ಗೇಟು ತೆಗೆಯೋ ಮುಂಚೆ ನಿನ್ ಅಣೆಕಟ್ಟು ಕೂಗುತ್ತಲ್ಲ, ಕೂಗಿದ ತಕ್ಷಣ ಎದ್ದು ಬರ್ತೀನಿ ಬಿಡೇ" ಎಂದಳು. ನಾನು ಅವಳ ಬುಟ್ಟಿಯನ್ನು ದೋಣಿಯವರೆಗೆ ಹೊತ್ತುಕೊಟ್ಟೆ.

ನಿಮ್ಮ ಗಿಣಿ


ಜೂನ್ 12

ಗಿಣಿ,

ನಿನ್ನ ಪತ್ರ ಎರಡು ಊರು ಸುತ್ತಿ ಕೈ ಸೇರಿತು. ಅಣೆಕಟ್ಟಿನವರು ನಾಟಕ ಆಡುವ ಕಾಲ ಬಂತೇ! ಗೇಟು ಎತ್ತುವ ಕೈಗಳು ಇನ್ನು ಪರದೆ ಎತ್ತುತ್ತವೆ ಎನ್ನು. ಫೋನಿನ ಮಾತು ಬಿಡು, ಈಗಿನ ಫೋನುಗಳಲ್ಲಿ ಮಾತೆಲ್ಲ ಸವೆದು ಬರುತ್ತದೆ. ನಮ್ಮ ಹೊಸ ನಟರೂ ಹಾಗೆಯೇ, ಬಾಯೊಳಗೇ ಗುನುಗುತ್ತಾರೆ.

ಈಗ ಕೇಳು. ಅಂಗಡಿಯವನು ಮೊದಲು ದೊಡ್ಡದನ್ನೇ ತೋರಿಸುತ್ತಾನೆ. ನೀನು ಸೋಲಬೇಡ. ಇಪ್ಪತ್ತೈದು ಕೀ ಇರುವುದು ನಿನಗೆ ಸಾಕೋ ಸಾಕು. ಆದರೆ ಕೀಗಳ ಅಗಲ ನೋಡು. ಕೆಲವು ಎಷ್ಟು ಸಣ್ಣವೆಂದರೆ ಒಂದನ್ನು ಒತ್ತಲು ಹೋದರೆ ಪಕ್ಕದ್ದೂ ಕೂಗುತ್ತದೆ. ವೈರು ಚುಚ್ಚಿ, ಚುಚ್ಚಿದ ಜಾಗದಲ್ಲಿ ಅಲ್ಲಾಡಿಸು. ದೀಪ ಮಿಟುಕಿದರೆ ಅದನ್ನು ಬಿಟ್ಟು ಇನ್ನೊಂದು ಕೇಳು. ಇನ್ನೊಂದು ಮಾತು, ಇದರ ಹೊಟ್ಟೆಯಲ್ಲಿ ಸದ್ದೇ ಇರುವುದಿಲ್ಲ. ಯಾವ ಕೀಯನ್ನು ಎಷ್ಟು ಜೋರಾಗಿ ಒತ್ತಿದರು ಎಂದು ಲ್ಯಾಪ್‌ಟಾಪಿಗೆ ಹೇಳುವುದಷ್ಟೇ ಇದರ ಕೆಲಸ, ಕೂಗುವುದು ಲ್ಯಾಪ್‌ಟಾಪ್. ನಮ್ಮ ರಾಜನ ಪಾತ್ರದವನು ಇದು ತಿಳಿಯದೆ ಮಗಳಿಗೊಂದು ಕೊಂಡು, ಸದ್ದೇ ಬರಲಿಲ್ಲವೆಂದು ಅಂಗಡಿಗೆ ವಾಪಸು ಹೋಗಿ ಕಿರೀಟವಿಲ್ಲದೆಯೇ ಯುದ್ಧ ಮಾಡಿ ಬಂದ.

ಎಡಗಡೆ ಆಕ್ಟೇವ್ ಎಂಬ ಎರಡು ಗುಂಡಿ ಇರುತ್ತವೆ. ಚಿಕ್ಕ ಕೀಬೋರ್ಡಿನವರಿಗೆ ಅವು ವರವೂ ಹೌದು, ಶನಿಯೂ ಹೌದು. ಒಂದನ್ನು ಮುಟ್ಟಿದರೆ ಎಲ್ಲ ಕೀಗಳ ಸದ್ದೂ ಒಟ್ಟಿಗೆ ಮೇಲಕ್ಕೋ ಕೆಳಕ್ಕೋ ಸರಿದುಬಿಡುತ್ತದೆ. ನನ್ನ ಮೊಣಕೈ ತಾಗಿ ಒಮ್ಮೆ ಸಿಡಿಲು ಬಡಿಯಬೇಕಾದ ಜಾಗದಲ್ಲಿ ಕೂಸು ಅತ್ತಿತು. ಜನ ಬಿದ್ದು ಬಿದ್ದು ನಕ್ಕರು.

ಸ್ಪೀಕರ್ ಯಾವುದು? ಅದನ್ನು ಬರೆಯಲೇ ಇಲ್ಲ ನೀನು.

ಅಕ್ಕನಿಗೆ ಬಿಸಿಲಲ್ಲಿ ಬಗ್ಗಿ ಬಗ್ಗಿ ಕಳೆ ಕೀಳಬೇಡ ಎನ್ನು. ನನ್ನ ಮಾತನ್ನಂತೂ ಹುಟ್ಟಿದಾಗಿನಿಂದ ಕೇಳಿದವಳಲ್ಲ.

ನಿನ್ನ ಮಾವ


ಜೂನ್ 21

ಮಾವ,

ಕೊಂಡೆ. ಕಪ್ಪು ಬಣ್ಣದ್ದು, ಇಪ್ಪತ್ತೈದು ಕೀ, ಮೇಲೆ ಎಂಟು ಚೌಕದ ಪ್ಯಾಡು. ಅಂಗಡಿಯವನ ಮುಂದೆಯೇ ವೈರು ಅಲ್ಲಾಡಿಸಿದೆ. "ಏನಮ್ಮಾ, ಹಲ್ಲು ಕೀಳೋಕೆ ಬಂದಿದ್ದೀರಾ?" ಎಂದ. ದೀಪ ಮಿಟುಕಲಿಲ್ಲ.

ಜೋಡಿಸುವಾಗ ಅರ್ಧ ದಿನ ಹೋಯಿತು. ಲ್ಯಾಪ್‌ಟಾಪು ಕೀಬೋರ್ಡನ್ನು ಗುರುತಿಸಿತು, ಆದರೆ ಸದ್ದಿನ ಪ್ರೋಗ್ರಾಂ ಗುರುತಿಸಲಿಲ್ಲ. ಮುಚ್ಚಿ, ಮೊದಲು ಕೀಬೋರ್ಡ್ ಚುಚ್ಚಿ, ಆಮೇಲೆ ಪ್ರೋಗ್ರಾಂ ತೆರೆದಾಗ ಸರಿಹೋಯಿತು. ಈಗ ಒಂದೊಂದು ಕೀಗೆ ಒಂದೊಂದು ಸದ್ದು ಅಂಟಿಸಲು ಕಲಿತಿದ್ದೇನೆ. ಆದರೂ ಕೆಲವು ಪ್ರಶ್ನೆಗಳಿವೆ.

ಕೈ ನಡುಗಿ ಕೀಯನ್ನು ಮೆಲ್ಲಗೆ ಒತ್ತಿದರೆ ಸದ್ದೂ ಮೆಲ್ಲಗಾಗುತ್ತದೆ. ಹಾಗಾಗದಂತೆ ಮಾಡುವುದು ಹೇಗೆ? ಎಷ್ಟೋ ದಿನ ಯಾರೂ ಕೀ ಮುಟ್ಟದಿದ್ದರೆ ಲ್ಯಾಪ್‌ಟಾಪು ನಿದ್ದೆ ಹೋಗುತ್ತದೆಯೇ? ಹೋದರೆ, ಒತ್ತಿದ ಕೂಡಲೇ ಏಳುತ್ತದೆಯೇ? ನಾನಿಲ್ಲದಾಗ ಏನೂ ಗೊತ್ತಿಲ್ಲದ ಇನ್ನೊಬ್ಬರು ಕುಳಿತರೂ ತಪ್ಪಾಗಬಾರದು.

ಸ್ಪೀಕರುಗಳು ಕಚೇರಿಯಲ್ಲಿರುವವೇ. ಜಾಗ ದೊಡ್ಡದು.

ನಾಟಕದಲ್ಲಿ ನೀರು ನುಗ್ಗುವ ದೃಶ್ಯವಿದೆ. ಅದಕ್ಕೆ ಮುಂಚೆ ಎಚ್ಚರಿಸುವ ಸದ್ದೊಂದು ಬೇಕು. ಎರಡನ್ನು ಮಾಡಿ ಪೆನ್‌ಡ್ರೈವಿನಲ್ಲಿ ಹಾಕಿ ಇದರ ಜೊತೆ ಕಳಿಸಿದ್ದೇನೆ. ಮೊದಲ ಕೀಗೆ ಯಾವುದನ್ನು ಇಡಲಿ? ನನಗೆ ಒಂದರ ಮೇಲೆ ಮನಸ್ಸಿದೆ, ಯಾವುದೆಂದು ಹೇಳುವುದಿಲ್ಲ. ಚಿಕ್ಕವಳಿದ್ದಾಗ ಪರದೆಯ ಹಿಂದೆ ನಿಮ್ಮ ಪಕ್ಕ ಕೂರುತ್ತಿದ್ದೆನಲ್ಲ, ಯಾವ ನಟಿಯ ಗೆಜ್ಜೆಯಲ್ಲಿ ಒಂದು ಕಾಳು ಕಡಿಮೆಯಿದೆಯೆಂದು ನೀವು ಕೂತಲ್ಲಿಂದಲೇ ಹೇಳುತ್ತಿದ್ದಿರಿ. ಆ ಕಿವಿ ಏನು ಹೇಳುತ್ತದೋ ಅದೇ ಆಗಲಿ.

ಗಿಣಿ


ಜುಲೈ 1

ಗಿಣಿ,

ಎಂಥ ನಾಟಕವಮ್ಮ ನಿಮ್ಮದು? ದೃಶ್ಯ ಯಾವ ದಿನ ಬರುತ್ತದೆಂದು ಆಡುವವರಿಗೇ ಗೊತ್ತಿಲ್ಲ, ಸದ್ದಿನವಳಿಗೆ ಮುಂಚೆಯೇ ಕೈ ನಡುಗುತ್ತದೆ! ಬರೆದವನು ಯಾರು? ನಮ್ಮ ಕಂಪನಿಗೆ ಕಳಿಸು, ಇಲ್ಲಿ ಎಲ್ಲವೂ ಮುಂಚೆಯೇ ಗೊತ್ತಿರುವ ನಾಟಕಗಳೇ.

ಉತ್ತರ ಕೊಡುತ್ತೇನೆ. ಕೀಬೋರ್ಡಿನ ಸೆಟ್ಟಿಂಗಿನಲ್ಲಿ ವೆಲಾಸಿಟಿ ಎಂದಿರುತ್ತದೆ, ಎಂದರೆ ಒತ್ತಿನ ರಭಸ. ಅದನ್ನು ಫಿಕ್ಸೆಡ್ ಎಂದು ಮಾಡಿ ಪೂರ್ತಿ ಮೇಲಕ್ಕಿಡು. ಆಮೇಲೆ ನೊಣ ಕೂತರೂ ಪೂರ್ತಿ ಸದ್ದೇ. ಲ್ಯಾಪ್‌ಟಾಪಿನ ನಿದ್ದೆಯನ್ನು ಪೂರ್ತಿ ತೆಗೆದುಹಾಕು, ಮುಚ್ಚಳ ಮುಚ್ಚಿದರೂ ಎಚ್ಚರವಾಗಿರುವಂತೆ. ಆಕ್ಟೇವ್ ಗುಂಡಿಗಳ ಮೇಲೆ ಅಂಟುಪಟ್ಟಿ ಹಾಕು. ಬೇರೆಯವರು ಕೂರುವುದಾದರೆ ಮೊದಲ ಕೀ ಬಿಟ್ಟು ಮಿಕ್ಕವಕ್ಕೆ ಯಾವ ಸದ್ದನ್ನೂ ಅಂಟಿಸಬೇಡ.

ಸದ್ದುಗಳನ್ನು ಕೇಳಿದೆ. ಮೊದಲನೆಯದು ಖಾಲಿ ಖಾಲಿ. ಅದರಲ್ಲಿ ಹಿಡಿಯುವುದಕ್ಕೇ ಏನೂ ಇಲ್ಲ, ತೆಗೆದೆಸೆ. ಎರಡನೆಯದು ಇದೆಯಲ್ಲ, ದಪ್ಪಗೆ ಗುಂಯ್ಗುಡುವುದು, ಅದು ಭೇಷ್! ಎದೆಗೂಡಿಗೇ ಬಂದು ತಾಕಿತು. ಹಿಂದಿನ ಸಾಲಿನವನೂ ಕುರ್ಚಿ ಹಿಡಿದುಕೊಳ್ಳುತ್ತಾನೆ. ಕಣ್ಣು ಮುಚ್ಚಿಕೊಂಡು ಅದನ್ನೇ ಇಡು.

ಈ ಊರು ವಿಚಿತ್ರವಾಗಿದೆ. ನಾವು ಇಳಿದಿರುವ ಮನೆಯ ಸುತ್ತ ಮರಗಳೋ ಮರಗಳು, ಒಂದೇ ಒಂದು ಹಕ್ಕಿ ಕೂಗುವುದಿಲ್ಲ. ಅಡುಗೆಯವಳು ನಿನ್ನೆ ನನ್ನ ಮೇಲೆ ಹರಿಹಾಯ್ದಳು. ಸೀಟಿ ಹೊಡೆಯುವ ಕೆಟಲ್ ಪಕ್ಕದಲ್ಲೇ ಕೂತಿದ್ದೆ, ತಳ ಸೀದುಹೋಯಿತು. ಹಾಳು ಕೆಟಲ್ಲು ಸೀಟಿ ಹೊಡೆದರೆ ತಾನೆ!

ಮಾವ


ಜುಲೈ 8

ಮಾವ,

ನೀವು ಹೇಳಿದಂತೆಯೇ ಎಲ್ಲ ಮಾಡಿದೆ. ಅಂಟುಪಟ್ಟಿ ಹಾಕಿದೆ, ನಿದ್ದೆ ತೆಗೆದೆ, ರಭಸ ಕಟ್ಟಿಹಾಕಿದೆ. ಕಿರುಬೆರಳಿನಲ್ಲಿ ಮುಟ್ಟಿದರೂ ಪೂರ್ತಿ ಸದ್ದು ಬರುತ್ತಿದೆ.

ನಿಜ ಹೇಳಬೇಕೆಂದರೆ ನನ್ನ ಮನಸ್ಸಿದ್ದದ್ದು ಮೊದಲನೆಯದರ ಮೇಲೆ. ಅದು ಖಾಲಿ ಎಂದು ನನಗೇಕೆ ಅನಿಸಲಿಲ್ಲವೋ. ಸಾಹೇಬರಿಗೂ ಹೆಡ್‌ಫೋನಿನಲ್ಲಿ ಎರಡನ್ನೂ ಕೇಳಿಸಿದೆ. "ಮೊದಲನೇದು ಕಿವಿ ಕೊರೆಯುತ್ತಲ್ಲಮ್ಮ" ಎಂದರು. ನಿಮ್ಮ ಪತ್ರ ತೋರಿಸಿದೆ. "ನಲವತ್ತು ವರ್ಷ ಸದ್ದಿನಲ್ಲೇ ಬದುಕಿದವರು ಹೇಳಿದ ಮೇಲೆ ನಮ್ದೇನು?" ಎಂದು ಎರಡನೆಯದಕ್ಕೇ ಒಪ್ಪಿದರು.

ಮೇಲಿನ ಬೆಟ್ಟಗಳಲ್ಲಿ ಮಳೆ ಹಿಡಿದಿದೆ. ಇಲ್ಲಿ ಬಿಸಿಲು. ಆದರೂ ನೀರಿನ ಮಟ್ಟ ದಿನದಿನಕ್ಕೆ ಏರುತ್ತಿದೆ. ಅಮ್ಮನ ಬದನೆ ಗಿಡಗಳು ಹೂಬಿಟ್ಟಿವೆ, ಅವಳನ್ನು ಯಾರು ತಡೆಯುತ್ತಾರೆ?

ಗಿಣಿ


ಜುಲೈ 14

ಗಿಣಿ,

ಇದು ಸುಮ್ಮನೆ ಬರೆಯುವ ಪತ್ರ, ವಿಶೇಷವೇನೂ ಇಲ್ಲ.

ನಮ್ಮ ದೀಪದವನು ಗೊತ್ತಲ್ಲ, ಬಲ್ಬು ಎಂದು ಕರೆಯುತ್ತೇವೆ, ಈಗ ನನ್ನ ಪಕ್ಕದಲ್ಲೇ ಕೂರುತ್ತಾನೆ. ನಿನ್ನೆ ಅವನಿಗೆ ನಿನ್ನ ಕೆಲಸ ತೋರಿಸೋಣವೆಂದು ಪೆನ್‌ಡ್ರೈವ್ ಹಾಕಿದೆ. ಎರಡನೆಯದಕ್ಕೆ ತಲೆದೂಗಿದ. ಮೊದಲನೆಯದನ್ನು ಹಾಕಿದಾಗ ಎರಡೂ ಕಿವಿ ಮುಚ್ಚಿಕೊಂಡು ಎದ್ದುನಿಂತ. ಅಂಗಳದಲ್ಲಿ ಮಲಗಿದ್ದ ನಾಯಿಯೂ ಎದ್ದು ಓಡಿತು. ಬಲ್ಬುವಿನದು ಸೂಕ್ಷ್ಮ ಕಿವಿ, ನಾಯಿಯದಂತೂ ಕೇಳುವುದೇ ಬೇಡ.

ನಿಮ್ಮ ನಾಟಕ ಇನ್ನೂ ಆಗಿಲ್ಲವಾದರೆ ಆ ಮೊದಲನೆಯದನ್ನೂ ಒಮ್ಮೆ ಹಾಕಿ ನೋಡು. ಅವಸರವೇನಿಲ್ಲ. ನಿನ್ನ ಮನಸ್ಸು ಅದರ ಮೇಲಿತ್ತೆಂದು ಬರೆದಿದ್ದೆಯಲ್ಲ, ಅದಕ್ಕೆ ಹೇಳಿದೆ.

ಕಂಪನಿಯಲ್ಲಿ ಎಲ್ಲ ಸರಿಯಾಗಿದೆ. ಮ್ಯಾನೇಜರ್ ಮುಂದಿನ ವರ್ಷಕ್ಕೂ ನನ್ನನ್ನೇ ಇಟ್ಟುಕೊಳ್ಳುವ ಮಾತಾಡಿದ. ಈ ವಯಸ್ಸಿನಲ್ಲಿ ಇನ್ನೆಲ್ಲಿ ಹೋಗಲಿ ಹೇಳು?

ಮಾವ


ಜುಲೈ 16

ಮಾವ,

ನಿಮಗೆ ಸುಳ್ಳು ಹೇಳಿದ್ದೇನೆ. ನಾಟಕವೂ ಇಲ್ಲ, ಏನೂ ಇಲ್ಲ.

ಅಣೆಕಟ್ಟಿನ ಸೈರನ್ ಬೇಸಿಗೆಯಲ್ಲೇ ಸುಟ್ಟುಹೋಯಿತು. ಹೊಸದು ಮುಂದಿನ ವರ್ಷವಂತೆ. ಹೊರಗೆ ಗೊತ್ತಾದರೆ ಜನ ಕಚೇರಿಗೆ ನುಗ್ಗುತ್ತಾರೆಂದು ಸಾಹೇಬರು ಬಾಯಿ ಕಟ್ಟಿಹಾಕಿದರು. "ಮನೆಯಲ್ಲೂ ಹೇಳೋ ಹಾಗಿಲ್ಲ, ತಿಳೀತಾ?" ಎಂದರು. ಹೊಳೆಯ ದಂಡೆಯುದ್ದಕ್ಕೂ ಕಂಬಗಳ ಮೇಲೆ ಹಳೆಯ ಹಾರ್ನ್ ಸ್ಪೀಕರುಗಳಿವೆ, ಅವಕ್ಕೆ ಲ್ಯಾಪ್‌ಟಾಪಿನಿಂದ ಸದ್ದು ಕೊಟ್ಟರಾಯಿತು ಎಂದು ನಾನೇ ಮುಂದೆ ಬಿದ್ದು ಹೇಳಿದೆ. ಬುದ್ಧಿವಂತೆ ಅನಿಸಿಕೊಳ್ಳುವ ಆಸೆ ಇತ್ತು. ನೀವು ಹೇಳಿಕೊಟ್ಟ ಮೊದಲ ಕೀ ಈಗ ಗೇಟ್ ಕೋಣೆಯಲ್ಲಿದೆ. ಗೇಟು ತೆರೆಯುವ ಮುಂಚೆ ಹೊಳೆಯಲ್ಲಿರುವ ಎಲ್ಲರನ್ನೂ ದಂಡೆಗೆ ಕರೆಯಬೇಕಾದದ್ದು ಅದೊಂದೇ.

ಕಂಬಗಳಿಂದ ಒಮ್ಮೆಯೂ ಕೂಗಿಸಿ ನೋಡಿಲ್ಲ. ಜನಕ್ಕೆ ಸಂಶಯ ಬರುತ್ತದೆಂದು ಸಾಹೇಬರು ಬಿಡುತ್ತಿಲ್ಲ. ಅದಕ್ಕೇ ನಿಮ್ಮ ಕಿವಿಯ ಮೇಲೆ ಭಾರ ಹಾಕಿದೆ. ಈಗ ಹೆದರಿಕೆಯಾಗುತ್ತಿದೆ, ಮಾವ. ಅಂಥ ದಪ್ಪ ಸದ್ದು ಹಾರ್ನಿನಲ್ಲಿ ಬರುತ್ತದೆಯೇ? ಗೇಟಿನ ನೀರು ಬೀಳುವಾಗ ಅದೂ ಹಾಗೆಯೇ ಗುಡುಗುತ್ತದೆ, ಅದರಲ್ಲಿ ಇದು ಮುಳುಗಿಹೋಗುವುದಿಲ್ಲವೇ? ಪತ್ರ ತಡವಾದೀತೆಂದು ನಾಳೆ ಪೇಟೆಗೆ ಹೋಗಿ ನಿಮ್ಮ ಮ್ಯಾನೇಜರ್ ಫೋನಿಗೂ ಮಾಡುತ್ತೇನೆ. ದಯವಿಟ್ಟು ಆ ಒಂದು ಸಲ ಇಡಬೇಡಿ.

ಗಿಣಿ


ಜುಲೈ 23

ಮಾವ,

ಅಮ್ಮ ಬದುಕಿದ್ದಾಳೆ. ಅದನ್ನು ಮೊದಲು ಬರೆಯುತ್ತೇನೆ, ಮಿಕ್ಕದ್ದನ್ನು ನಿಧಾನವಾಗಿ ಓದಿ.

20ನೇ ತಾರೀಕು ಬೆಳಿಗ್ಗೆ ಮೇಲಿನಿಂದ ನೀರು ಒಮ್ಮೆಲೇ ಬಂತು. ಎರಡು ಗೇಟು ತೆರೆಯಿರಿ ಎಂದು ಆದೇಶವಾಯಿತು. ನಾನು ಮೊದಲ ಕೀ ಒತ್ತಿದೆ. ಕೈ ನಡುಗಿತು, ಆದರೂ ಪೂರ್ತಿ ಸದ್ದು ಹೋದದ್ದು ಲ್ಯಾಪ್‌ಟಾಪಿನ ಪರದೆಯ ಮೇಲೆ ಕಂಡಿತು. ನೀವು ಹೇಳಿಕೊಟ್ಟ ಒಂದೊಂದು ಜೋಡಣೆಯೂ ಕೆಲಸ ಮಾಡಿತು. ಸಾಹೇಬರು ನನ್ನ ಬೆನ್ನು ತಟ್ಟಿದರು. ಒಂದು ಗೇಟು ಎತ್ತಿ, ಮತ್ತೆ ಕೂಗಿಸಿ, ಎರಡನೆಯದನ್ನೂ ಎತ್ತಿದರು. ಗೇಟ್ ಕೋಣೆಗೆ ಕಂಬಗಳ ಸದ್ದು ಕೇಳುವುದಿಲ್ಲ, ಕಿಟಕಿಯಿಂದ ನಡುಗಡ್ಡೆಯೂ ಕಾಣುವುದಿಲ್ಲ.

ಯಾರೂ ಮೇಲೆ ಬರಲಿಲ್ಲ, ಮಾವ. ಅಮ್ಮ ಈಗ ಹೇಳುತ್ತಾಳೆ, "ಏನೋ ಗುಂಯ್ ಅಂತಿತ್ತು ಕಣೆ. ನೀರಿಂದೇ ಸದ್ದು ಅಂದ್ಕೊಂಡು ಬದನೆಕಾಯಿ ಕುಯ್ತಾ ಇದ್ದೆ." ಬಟ್ಟೆ ಒಗೆಯುತ್ತಿದ್ದವರು ನೀರು ಕಾಲಿಗೆ ಬಂದಾಗ ಓಡಿದರು. ದೋಣಿಯಣ್ಣ ದಂಡೆಯಲ್ಲಿ ಕ್ಷೇಮವಾಗಿದ್ದ. ಅಮ್ಮ ನಡುಗಡ್ಡೆಯಲ್ಲಿದ್ದಾಳೆಂದು ತಿರುಗಿ ದೋಣಿ ಹಾಕಿದ. ಅವಳನ್ನು ಈ ದಡಕ್ಕೆ ತಂದು ಎತ್ತಿ ತಳ್ಳಿದ, ಅಷ್ಟರಲ್ಲಿ ದೋಣಿ ತಿರುಗಿಕೊಂಡಿತು. ದೋಣಿ ಸಿಕ್ಕಿದೆ. ಅವನು ಇನ್ನೂ ಸಿಕ್ಕಿಲ್ಲ.

ಅವನ ಹೆಂಡತಿ ದಿನಾ ಬಂದು ಕಚೇರಿಯ ಗೇಟಿನ ಹತ್ತಿರ ಕೂರುತ್ತಾಳೆ. ನನ್ನನ್ನು ನೋಡಿದರೂ ಏನೂ ಕೇಳುವುದಿಲ್ಲ.

ತನಿಖೆಯವರು ಬಂದಿದ್ದಾರೆ. ಕಂಬದ ಹಾರ್ನುಗಳಲ್ಲಿ ಆ ಸದ್ದು ಬರೀ ಗೊರಗೊರವಾಗಿ ಬರುತ್ತದೆ ಎಂದರು. ಯಾರು ಆರಿಸಿದ್ದು ಎಂದು ಕೇಳಿದರು. ಸಾಹೇಬರು ನನ್ನ ಕಡೆ ನೋಡಿದರು. ನಾನೇ ಎಂದೆ. ನಿಮ್ಮ ಹೆಸರು ತೆಗೆಯಲಿಲ್ಲ. ನೀವು 17ರಂದು ಫೋನಿನಲ್ಲಿ ಎಷ್ಟು ಖಚಿತವಾಗಿ ಹೇಳಿದಿರಿ! ಹಾರ್ನಿಗೆ ಆ ಸದ್ದು ಆಗುತ್ತದೆಯೇ, ನೀರಿನಲ್ಲಿ ಮುಳುಗುವುದಿಲ್ಲವೇ ಎಂದು ಕಿರುಚಿ ಕಿರುಚಿ ಕೇಳಿದೆ. "ಹೂಂ ಹೂಂ, ಆಗುತ್ತೆ ಆಗುತ್ತೆ, ನೀನೇನೂ ಹೆದರ್ಬೇಡ, ಅದೇ ಇರ್ಲಿ" ಎಂದಿರಿ. ಆ ರಾತ್ರಿ ಸಮಾಧಾನದಿಂದ ನಿದ್ದೆ ಮಾಡಿದೆ. ನಿಮ್ಮ ಕಿವಿ ತಪ್ಪುವುದಿಲ್ಲ. ಪೆನ್‌ಡ್ರೈವಿಗೆ ಹಾಕುವಾಗಲೋ ಕೀಗೆ ಅಂಟಿಸುವಾಗಲೋ ನಾನೇ ಏನೋ ಅದಲುಬದಲು ಮಾಡಿದ್ದೇನೆ. ಎಷ್ಟು ಯೋಚಿಸಿದರೂ ಎಲ್ಲಿ ತಪ್ಪಿದೆನೆಂದು ಗೊತ್ತಾಗುತ್ತಿಲ್ಲ. ತಪ್ಪು ನನ್ನದೆಂದು ಬರೆದುಕೊಡುವುದಕ್ಕೆ ಮುಂದಿನ ಸೋಮವಾರದವರೆಗೆ ಸಮಯ ಕೊಟ್ಟಿದ್ದಾರೆ. ಬರೆದುಕೊಡುತ್ತೇನೆ.

ನಿಮ್ಮ 14ರ ಪತ್ರ 21ಕ್ಕೆ ಬಂತು. ಅವಸರವೇನಿಲ್ಲ ಎಂದು ಬರೆದಿದ್ದೀರಿ. ಒಂದೇ ಒಂದು ಕೇಳುತ್ತೇನೆ, ಮಾವ. ಬೇಡವೆಂದು ಎಸೆಯಲು ಹೇಳಿದ ಸದ್ದನ್ನು ಮತ್ತೆ ನೋಡು ಎಂದು ಯಾಕೆ ಬರೆದಿರಿ?

ಗಿಣಿ


ಜುಲೈ 27

ಗಿಣಿ,

ನಿನ್ನ ಎರಡು ಪತ್ರಗಳೂ ಇಂದು ಒಟ್ಟಿಗೆ ಬಂದವು. ಇದನ್ನು ಬಲ್ಬುವಿನ ಕೈಯಲ್ಲಿ ಕೊಟ್ಟು ಈಗಲೇ ಬಸ್ಸಿಗೆ ಹತ್ತಿಸುತ್ತಿದ್ದೇನೆ. ಅಂಚೆಯನ್ನು ನಂಬಿ ಆಗಿದ್ದು ಸಾಕು.

ನನಗೆ ಕಿವಿ ಕೇಳಿಸುವುದಿಲ್ಲ. ದಪ್ಪ ಸದ್ದುಗಳು ಅಷ್ಟಿಷ್ಟು ಕೇಳುತ್ತವೆ, ಕೀಚಲು ಸದ್ದುಗಳು, ಎಷ್ಟೇ ಜೋರಿರಲಿ, ಹೋಗಿ ಎರಡು ವರ್ಷವಾಯಿತು. ಹಕ್ಕಿ, ಕೆಟಲ್, ಹೆಂಗಸರ ಮಾತು, ಯಾವುದೂ ಇಲ್ಲ. ಬಲ್ಬು ಟಾರ್ಚಿನಲ್ಲಿ ಸನ್ನೆ ಮಾಡುತ್ತಾನೆ, ನಾನು ಕೀ ಒತ್ತುತ್ತೇನೆ, ಮ್ಯಾನೇಜರ್ ಸಂಬಳ ಕೊಡುತ್ತಾನೆ. ಹಾಗೆ ದೂಡಿಕೊಂಡು ಬಂದೆ. ನಿನ್ನ ಮೊದಲನೇ ಸದ್ದು ಖಾಲಿ ಎಂದೆನಲ್ಲ, ಖಾಲಿಯಾಗಿದ್ದದ್ದು ನಾನು. ಅದು ಸರಿಯಾದ ಸದ್ದು, ಗಿಣಿ. ಹಾರ್ನಿಗೆ, ನೀರಿಗೆ, ಬಯಲಿಗೆ ಅಂಥದ್ದೇ ಬೇಕು. ನೀನು ಏನನ್ನೂ ಅದಲುಬದಲು ಮಾಡಿಲ್ಲ.

ಬಲ್ಬು ಕಿವಿ ಮುಚ್ಚಿಕೊಂಡು ಎದ್ದು ನಿಂತಾಗಲೇ ನನಗೆ ಗೊತ್ತಾಯಿತು. ಪೆನ್ನು ಹಿಡಿದು ಕೂತು, ಹೇಗೆ ಬರೆದರೆ ನನ್ನ ಮಾನ ಉಳಿದೀತೆಂದು ಯೋಚಿಸಿದೆ. ಅವಸರವೇನಿಲ್ಲ ಎಂದು ಬರೆದೆ. ನಾಟಕವೆಂದುಕೊಂಡಿದ್ದೆ ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಫೋನಿನಲ್ಲಿ ನಿನ್ನ ದನಿ ಏರುವುದು ಇಳಿಯುವುದು ಮಾತ್ರ ತಿಳಿಯಿತು. ಮ್ಯಾನೇಜರ್ ಎದುರಿಗೇ ನಿಂತಿದ್ದ. ಏನು ಕೇಳಿದೆಯೋ ಗೊತ್ತಿಲ್ಲದೆ ಹೂಂ ಎಂದೆ.

ನೀನು ಏನನ್ನೂ ಬರೆದುಕೊಡಬೇಡ. ತನಿಖೆಯವರಿಗೆ ಬೇರೆ ಪತ್ರ ಬರೆದಿದ್ದೇನೆ, ಅದೂ ಬಲ್ಬುವಿನ ಹತ್ತಿರವಿದೆ. ಮ್ಯಾನೇಜರ್‌ಗೂ ಹೇಳಿಬಿಟ್ಟೆ. ಅವನು ಏನೋ ತುಂಬ ಹೊತ್ತು ಮಾತಾಡಿದ, ಆಮೇಲೆ ಪೆಟ್ಟಿಗೆ ಕಟ್ಟಿಕೊಳ್ಳಲು ಸನ್ನೆ ಮಾಡಿದ. ಸೋಮವಾರಕ್ಕೆ ಮುಂಚೆ ನಾನೇ ಬಂದು ತಲುಪುತ್ತೇನೆ. ಗೇಟ್ ಕೋಣೆಯಲ್ಲಿ ಇವತ್ತೇ ಆ ಮೊದಲನೇ ಸದ್ದನ್ನು ಹಾಕು, ಯಾರ ಅಪ್ಪಣೆಗೂ ಕಾಯಬೇಡ. ಎಲ್ಲರೂ ಕೇಳುವಂತೆ ಕೂಗಿಸು.

ಬಂದ ಮೇಲೆ ನನ್ನನ್ನು ಮೊದಲು ಅಕ್ಕನ ಹತ್ತಿರ ಕರೆದುಕೊಂಡು ಹೋಗಬೇಡ. ದೋಣಿಯಣ್ಣನ ಹೆಂಡತಿಯ ಮುಂದೆ ನಿಲ್ಲಿಸು. ನಾನು ಯಾರು, ಏನು ಮಾಡಿದೆ ಎಂದು ನಾನೇ ಹೇಳುತ್ತೇನೆ. ಆಕೆ ನಿನ್ನನ್ನು ಏನೂ ಕೇಳಲಿಲ್ಲ, ನನ್ನನ್ನು ಕೇಳುತ್ತಾಳೆ. ಆಕೆ ಏನೆಂದರೂ ನನಗೆ ಕೇಳಿಸುವುದಿಲ್ಲ. ನೀನು ಪಕ್ಕದಲ್ಲಿ ನಿಂತು ಅದನ್ನು ಬರೆದುಕೊಡಬೇಕು, ಒಂದು ಮಾತನ್ನೂ ಬಿಡದೆ.

ಮಾವ